ವಿಭಕ್ತಿ

ಗುಂಡಿ ಒತ್ತಿದ್ದೇ ತಡ, ಲೇಖನದಲ್ಲಿದ್ದ ‘ಅಮ್ಮ’ ಎಲ್ಲ ಕಡೆಯೂ ‘ಮಾಹಿತಿದಾರೆ’ಯಾದಳು. ಕಂಪನಿಗಳಿಗೆ ಮನೆಯಲ್ಲೇ ಕೂತು ಬಟ್ಟೆ ಹೊಲಿದುಕೊಡುವ ಹೆಂಗಸರ ಬಗ್ಗೆ ಸಂಶೋಧಕಿ ಬರೆದ ಲೇಖನ ಅದು. ಆ ಹೆಂಗಸರಲ್ಲಿ ಅವಳ ಅಮ್ಮನೂ ಒಬ್ಬಳು. ಲೇಖನ ಪರಿಶೀಲಿಸುವವರಿಗೆ ಬರೆದವರ ಗುರುತು ಎಲ್ಲೂ ಹತ್ತಬಾರದೆಂಬುದು ಸಂಶೋಧನಾ ಪತ್ರಿಕೆಯ ನಿಯಮ.

ಕಂಪ್ಯೂಟರಿಗೆ ವ್ಯಾಕರಣ ಬರುವುದಿಲ್ಲ. ‘ಅಮ್ಮನ ಬೆನ್ನು’ ಹೋಗಿ ‘ಮಾಹಿತಿದಾರೆನ ಬೆನ್ನು’ ಆಗಿತ್ತು. ಒಂದೊಂದನ್ನೇ ಹುಡುಕಿ ‘ನ’ ಅಳಿಸಿ ‘ಯ’ ಹಾಕುತ್ತ ಕೂತಳು. ಅಮ್ಮ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಕಣ್ಣು ಉರಿಯುತ್ತಿತ್ತು, ಅದು ಪರದೆಯ ಬೆಳಕಿಗೆ.

ಪಕ್ಕದ ಕೋಣೆಯಲ್ಲಿ ಹೊಲಿಗೆ ಮಷಿನ್ನಿನ ಡ್ರಾಯರ್ ಖಾಲಿ ಮಾಡುತ್ತಿದ್ದ ತಮ್ಮ ಬಾಗಿಲಿಗೆ ಬಂದ.

“ಅಕ್ಕಾ, ಅಮ್ಮನ ಕನ್ನಡಕ ಏನ್ ಮಾಡೋದು?”

“ಮಾಹಿತಿದಾರೆಯ,” ಎಂದು ತಿದ್ದಿದಳು, ಪರದೆಯಿಂದ ಕಣ್ಣು ತೆಗೆಯದೆ.

ಅವನು ಕನ್ನಡಕವನ್ನು ಕೀಬೋರ್ಡಿನ ಪಕ್ಕ ಇಟ್ಟು ಹೋದ. ಮುರಿದ ಕಡ್ಡಿಗೆ ಅಮ್ಮ ಸುತ್ತಿದ್ದ ಕೆಂಪು ದಾರ ಹಾಗೇ ಇತ್ತು.

ಅವಳು ಅದನ್ನು ಪಕ್ಕಕ್ಕೆ ಸರಿಸಿ ಮುಂದಿನ ಸಾಲಿಗೆ ಹೋದಳು. ಅಮ್ಮ ಸಂದರ್ಶನದ ನಡುವೆ ರೇಗಿ ಆಡಿದ ಮಾತು ಅಲ್ಲಿತ್ತು:

“ಮಾಹಿತಿದಾರೆ ಅಂದ್ರೆ ಮಷಿನ್ ಅಂದ್ಕೊಂಡಿದ್ದೀಯಾ? ಪ್ರಶ್ನೆ ಕೇಳಿದ್ದು ಸಾಕು. ಬಾ, ಈ ಸೂಜಿಗೆ ದಾರ ಪೋಣಿಸಿಕೊಡು.”

ಎರಡು ಸಲ ಓದಿದಳು. ವ್ಯಾಕರಣದಲ್ಲಿ ಎಲ್ಲೂ ತಪ್ಪಿರಲಿಲ್ಲ. ಆದರೂ ಬೆರಳು ಮುಂದಕ್ಕೆ ಹೋಗಲಿಲ್ಲ.