ಮಲ್ಲಿಗೆ ಪೌಡರು

ಮೇಷ್ಟ್ರ ಮಡಿಲಲ್ಲಿದ್ದ ಪುಟ್ಟ ನಾಯಿಯ ಕಣ್ಣು ಕೆಂಪಾಗಿ, ಒಂದೇ ಸಮನೆ ನೀರು ಸುರಿಯುತ್ತಿತ್ತು. ಡಾಕ್ಟರಮ್ಮ ರೆಪ್ಪೆ ಬಿಡಿಸಿ ನೋಡಿದರು. ಕೂದಲು ಚುಚ್ಚಿರಲಿಲ್ಲ, ಗಾಯವೂ ಇರಲಿಲ್ಲ.

"ರೆಪ್ಪೆ ತುಂಬಾ ಪೌಡರ್ ಇದೆಯಲ್ಲ, ಮೇಷ್ಟ್ರೇ?"

ಮುದುಕರ ಕತ್ತಿನಿಂದಲೂ ಅದೇ ಮಲ್ಲಿಗೆ ವಾಸನೆ. ಈ ವಯಸ್ಸಲ್ಲಿ ಇದೆಂಥ ಶೋಕಿ ಎಂದು ಡಾಕ್ಟರಮ್ಮನಿಗೆ ನಗು ಬಂತು.

"ಮಗಳ ಪೌಡರಮ್ಮ. ಇದು ದಿನಾ ಸಂಜೆ ಗೇಟಿನ ಹತ್ರ ಅವಳಿಗೆ ಕಾಯುತ್ತೆ. ಅವಳ ವಾಸನೆ ಬರದೆ ಅನ್ನ ಮುಟ್ಟಲ್ಲ. ಅದಕ್ಕೇ ನಾನು ಬಳ್ಕೊಂಡು ಬಂದು ಎತ್ಕೋತೀನಿ, ಕತ್ತಿಗೆ ಮುಖ ಉಜ್ಜುತ್ತೆ."

"ನಿಲ್ಲಿಸಿಬಿಡಿ, ಕಣ್ಣೇ ಹೋದೀತು. ಮಗಳಿಗೇ ಒಂದ್ಸಲ ಬಂದು ಹೋಗೋಕೆ ಹೇಳಿ."

ಮೇಷ್ಟ್ರು ನಾಯಿಯ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿ, ಪಿಸುಗುಟ್ಟಿದರು.

"ಅವಳು ತೀರಿಕೊಂಡಿದ್ದು ಇದಕ್ಕಿನ್ನೂ ಹೇಳಿಲ್ಲ, ತಾಯಿ."