ಕೀಲಿಕೈಗೆ ಹತ್ತಕ್ಕೆ ಆರು

ಪರಮಾನಂದ ಮತ್ತೆ ಅಳಿಸಿದ. ಅಳಿಸಿ ಅಳಿಸಿ ಪತ್ರಿಕೆಯ ಆ ಜಾಗ ತೂತು ಬೀಳುವಂತಾಗಿತ್ತು. ಬಸವನ ಬಾಗೇವಾಡಿಯಲ್ಲಿ ಹತ್ತಿದ ಬಸ್ಸು ಸಿಂದಗಿ ಮುಟ್ಟಲು ಬಂದಿತ್ತು. ಪದಬಂಧದ ಚೌಕದಲ್ಲಿ ಇನ್ನೂ ಒಂದು ಪದವೂ ಕೂತಿರಲಿಲ್ಲ.

ಮೊದಲ ಸುಳಿವು: 'ಹಣ್ಣಿನ ರಸ ತಿರುಗಿ ಕೊರಳಿಗೆ ಬಿತ್ತು.' ರಸವನ್ನು ತಿರುಗಿಸಿದರೆ ಸರ. ಎರಡೇ ಅಕ್ಷರ. ಚೌಕದಲ್ಲಿ ಅದಕ್ಕಿದ್ದ ಮನೆಗಳು ನಾಲ್ಕು. ಎರಡನೆಯದೂ ಹೊಂದಲಿಲ್ಲ, ಮೂರನೆಯದೂ ಹೊಂದಲಿಲ್ಲ. ತಪ್ಪು ಯಾರದೇ ಇರಲಿ, ಅದನ್ನು ಮೊದಲು ತನ್ನಲ್ಲಿ ಹುಡುಕುವ ಮನುಷ್ಯ ಅವನು. ಬೆಳಿಗ್ಗೆ ಪತ್ರಿಕೆಯ ಕಚೇರಿಗೆ ಫೋನನ್ನೂ ಮಾಡಿದ್ದ. ಭಾನುವಾರ, ಯಾರೂ ಎತ್ತಿರಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೇರಿ ಹನ್ನೆರಡು ಮಂದಿಯ ಪದಬಂಧ ಬಳಗವೊಂದಿತ್ತು. ದಿನಾ ಬೆಳಿಗ್ಗೆ ವಾಟ್ಸ್ಯಾಪ್ ಗುಂಪಿನಲ್ಲಿ ಹಾಜರಿ. ಬೇರೆಯವರು 'ಬಿಡಿಸಿದೆ' ಎಂದು ಹಾಕುತ್ತಿದ್ದರು. ಪರಮಾನಂದ ಮಾತ್ರ ಎಲ್ಲರ ಹಿಂದೆ 'ಎಲ್ಲ ಸರಿ ಇದೆ' ಎಂದು ಹಾಕುತ್ತಿದ್ದ. ತುಂಬಿದ ಚೌಕ ತೋರಿಸಿ ಎಂದು ಯಾರೂ ಯಾರನ್ನೂ ಕೇಳುವಂತಿರಲಿಲ್ಲ. ದೊಡ್ಡವರ ಬಳಗ, ಕೇಳಿದರೆ ಅವಮಾನ. ಬಿಡಿಸಲಾಗದವರಿಗೆ ಅಲ್ಲಿ ಜಾಗವಿಲ್ಲ ಎಂಬುದು ಇನ್ನೊಂದು ನಿಯಮ.

ಇವತ್ತು ಹನ್ನೊಂದು 'ಬಿಡಿಸಿದೆ' ಬಂದಿದ್ದವು. 'ಎಲ್ಲ ಸರಿ ಇದೆ' ಬಂದಿರಲಿಲ್ಲ.

ಜಾಗ ಹೋದರೆ ಎಂಬ ಅಂಜಿಕೆಯಲ್ಲಿ ಪರಮಾನಂದನಿಗೆ ನಾಷ್ಟಾ ಸೇರಿರಲಿಲ್ಲ. ಹಗಲೆಲ್ಲ ಗೋದಾಮಿನಲ್ಲಿ ಚೀಲ ಇಳಿಸಿಕೊಂಡು ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವನು. ಮೇಷ್ಟ್ರು, ಅಧಿಕಾರಿಗಳ ಸಾಲಿನಲ್ಲಿ ಅವನಿಗೊಂದು ಕುರ್ಚಿ ಇದ್ದದ್ದು ಈ ಬಳಗದಲ್ಲಿ ಮಾತ್ರ. 'ಪರಮಾನಂದ ಅವರೇ' ಎಂದು ಕರೆಯುತ್ತಿದ್ದದ್ದೂ ಇಲ್ಲೇ. ಕೀಲಿಕೈಯ ಬಗ್ಗೆ ನಾಲ್ಕು ಮಾತು ಕಿವಿಗೆ ಬೀಳುತ್ತಿದ್ದದ್ದೂ ಇಲ್ಲೇ.

'ಕೀಲಿಕೈ' ಎಂದರೆ ಪತ್ರಿಕೆಗೆ ದಿನಾ ಪದಬಂಧ ಹೆಣೆಯುವವರ ಗುಪ್ತನಾಮ. ಹೆಸರು ಬಯಲಾದರೆ ಕೆಲಸ ಬೇರೆಯವರಿಗೆ ಎಂಬ ಕರಾರಿದೆಯಂತೆ. ಧಾರವಾಡದ ಯಾರೋ ನಿವೃತ್ತ ಪ್ರೊಫೆಸರರೇ ಇರಬೇಕು ಎಂದು ಬಳಗದ ಅಧ್ಯಕ್ಷ ವಾಸುದೇವರಾವ್ ಎಂದೋ ತೀರ್ಮಾನಿಸಿದ್ದರು. ಅವರು ಇಂಡಿಯ ನಿವೃತ್ತ ಮುಖ್ಯೋಪಾಧ್ಯಾಯರು. ಅವರ ತೀರ್ಮಾನಕ್ಕೆ ಮೇಲ್ಮನವಿ ಇರಲಿಲ್ಲ.

ತಿಂಗಳ ಸಭೆ ಸಿಂದಗಿಯ ಖಾನಾವಳಿಯೊಂದರ ಮಾಳಿಗೆಯಲ್ಲಿ. ಪರಮಾನಂದ ಮೆಟ್ಟಿಲು ಹತ್ತುವಾಗ ಎಲ್ಲರೂ ಮಿರ್ಚಿ ಭಜಿಗೆ ಕೈ ಹಾಕಿದ್ದರು. ಮುದ್ದೇಬಿಹಾಳದಲ್ಲಿ ಅಧಿಕಾರಿಯಾಗಿದ್ದ ಕೌಸ್ತುಭ, ಹಲ್ಲುಜ್ಜುತ್ತಲೇ ಇವತ್ತಿನದನ್ನು ಮುಗಿಸಿದ್ದಾಗಿ ಹೇಳುತ್ತಿದ್ದ. ಇನ್ನೊಬ್ಬರಿಗೆ ಬೇಗ ಮುಗಿದುಹೋಯಿತೆಂಬ ಬೇಸರ. ಭಾನುವಾರವೇ ಹಾಳಾಯಿತಂತೆ.

ವಾಸುದೇವರಾವ್ ಕನ್ನಡಕ ಏರಿಸಿ ಅಂದಿನ ವಿಮರ್ಶೆ ಓದಿದರು. "ಇಂದಿನ ಹೆಣಿಗೆ ಸಡಿಲ. ಕೀಲಿಕೈಯವರಿಗೆ ವಯಸ್ಸಾಯಿತೇನೋ. ಬಲಗಡೆಯ ಮೂಲೆಯಲ್ಲಿ ಮಾತ್ರ ಹಳೆಯ ಕೈಚಳಕ ಮಿಂಚಿದೆ. ಹತ್ತಕ್ಕೆ ಆರು."

ಚಪ್ಪಾಳೆ ಬಿತ್ತು. ಪರಮಾನಂದನ ಮುಖ ಸಣ್ಣದಾಯಿತು. ಸುಮ್ಮನೆ ಕೂತಿದ್ದರೆ ಅವನೂ ಉಳಿಯುತ್ತಿದ್ದ. ಎದ್ದು ನಿಂತ.

"ನನಗ ಒಂದೂ ಕೂಡಲಿಲ್ರಿ."

ಪರಮಾನಂದ ತನ್ನ ಖಾಲಿ ಚೌಕ ಎತ್ತಿ ತೋರಿಸಿದ.

"ಮೊದಲನೇದು ಸರ ಅಲ್ಲೇನ್ರಿ, ಗುರುಗಳ? ಮನಿ ನಾಕು ಅದಾವು."

ವಾಸುದೇವರಾವ್ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ನಕ್ಕರು.

"ಸರಪಳಿ ಅದು. ಕೊರಳಿಗೆ ಬಿತ್ತು ಅಂದ್ರ ಸರಪಳಿನ."

"ಪಳಿ ಎಲ್ಲಿಂದ ಬಂತ್ರಿ?"

"ಅದಕ್ಕ ಇದನ್ನ ಗೂಢ ಪದಬಂಧ ಅಂತಾರ."

ಉಳಿದವರು ತಲೆಯಾಡಿಸಿದರು. ಇಬ್ಬರು ಮೇಜಿನ ಕೆಳಗೆ ಪತ್ರಿಕೆ ಹಿಡಿದು ಏನೋ ಬರೆದುಕೊಂಡರು.

ಕೀಲಿಕೈ ಹಾಗೆ ಯೋಚಿಸುವುದಿಲ್ಲ ಎಂದು ಪರಮಾನಂದ ಮೆಲ್ಲಗೆ ಹೇಳಿದ. ಅಷ್ಟಕ್ಕೆ ಅಧ್ಯಕ್ಷರ ನಗು ಆರಿತು.

"ಅವರ ತಲಿಯಾಗ ಏನೈತಿ ಅಂತ ನಿನಗೇನ್ ಗೊತ್ತೋ, ಪರಮಾನಂದ?"

'ಅವರೇ' ಬಿದ್ದುಹೋಗಿತ್ತು. 'ನೀವು' ಕೂಡ.

"ಇವರಿಗೆ ಕೀಲಿಕೈನ ಖುದ್ದ ಬಂದು ಕಲಿಸಬೇಕ್ರಿ," ಎಂದ ಕೌಸ್ತುಭ. ಮಾಳಿಗೆಯೆಲ್ಲ ನಕ್ಕಿತು.

ನಿರ್ಣಯ ಸರ್ವಾನುಮತದಿಂದ ಆಯಿತು. ಪರಮಾನಂದನನ್ನು ಬಳಗದಿಂದ ತೆಗೆದು, 'ಕಲಿಯುವವರ ಗುಂಪು' ಎಂಬ ಹೊಸ ಗುಂಪಿಗೆ ಸೇರಿಸುವುದು. ಸದ್ಯಕ್ಕೆ ಅದರಲ್ಲಿ ಅವನೊಬ್ಬನೇ. ಪಾಠ ಹೇಳುವ ಹೊಣೆಯನ್ನು ವಾಸುದೇವರಾವ್ ದೊಡ್ಡ ಮನಸ್ಸಿನಿಂದ ತಾವೇ ಹೊತ್ತರು. ಮೊದಲ ಪಾಠದ ವಿಷಯವನ್ನೂ ಅಲ್ಲೇ ಹೇಳಿಬಿಟ್ಟರು: ಕೀಲಿಕೈಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ.

ಪರಮಾನಂದ ತನ್ನ ಕುರ್ಚಿಯನ್ನು ತಾನೇ ಮಡಚಿ ಗೋಡೆಗೆ ಒರಗಿಸಿದ. ಎಲ್ಲರಿಗೂ ಕೈ ಮುಗಿದು ಮೆಟ್ಟಿಲಿಳಿದ.

ಬಸ್ ಸ್ಟ್ಯಾಂಡಿನಲ್ಲಿ ಬಾಗೇವಾಡಿಯ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ಪತ್ರಿಕೆಯನ್ನು ಮತ್ತೆ ಬಿಡಿಸಿದ. ನಾಲ್ಕು ಮನೆಗಳಲ್ಲಿ 'ಸರಪಳಿ' ಎಂದು ಬರೆದು ನೋಡಿದ. ಅಳಿಸಿದ. ಅಷ್ಟರಲ್ಲಿ ಫೋನ್ ಬಂತು. ಪತ್ರಿಕೆಯ ಕಚೇರಿಯಿಂದ, ಉಪಸಂಪಾದಕಿ ಪ್ರಜ್ಞಾ.

"ನಮ್ಮದ ತಪ್ಪಾತ್ರಿ, ಕೀಲಿಕೈ ಸರ್. ನೀವು ಕಳಿಸಿದ ಇವತ್ತಿನ ಸುಳಿವಿಗೆ ನಾಳಿನ ಚೌಕ ಹಚ್ಚಿಬಿಟ್ಟೇವಿ. ಅದನ್ನ ಬಿಡಿಸಾಕ ಯಾರಿಂದನೂ ಆಗೂದಿಲ್ಲ. ನಾಳೆ ತಿದ್ದುಪಡಿ ಹಾಕ್ತೇವ್ರಿ. ಮಂದಿ ಭಾಳ ಬೈದ್ರೇನ್ರಿ?"

"ಇಲ್ಲ ತಂಗಿ," ಎಂದ ಪರಮಾನಂದ. "ಹನ್ನೊಂದು ಮಂದಿ ಬಿಡಿಸ್ಯಾರ."