ಗರಗರ ಸದ್ದು

‘ಪಿಕಪ್ ಗಾಡಿಗಳ ಸ್ಪೀಕರ್ ಬಾಕ್ಸ್ ರಿಪೇರಿ ಪುಕ್ಕಟೆ’ ಎಂದು ಅಂಗಡಿಗೆ ಬೋರ್ಡು ಹಾಕಿದಾಗಿನಿಂದ, ಬಂದವರ ದರಿದ್ರ ಹಾಡುಗಳನ್ನೆಲ್ಲ ಹಲ್ಲು ಕಚ್ಚಿಕೊಂಡು ಕೇಳಿದ್ದೆ. ಇವತ್ತು ಬಂದವನ ಬಾಕ್ಸು ಹಾಡಿನ ನಡುನಡುವೆ ಗರಗರ ಅನ್ನುತ್ತಿತ್ತು.

“ಯಾರು ಮಾಡಿದ್ದಪ್ಪಾ ಇದನ್ನ?”

“ನಾನೇ ಅಣ್ಣ! ಪ್ಲೈವುಡ್ ಕೊಯ್ದು ಮನೇಲೇ ಮಾಡಿದ್ದು. ಇಂಥ ಸೌಂಡು ಇಡೀ ತಾಲ್ಲೂಕಲ್ಲಿ ಇನ್ನೊಂದು ಗಾಡೀಲಿಲ್ಲ.”

“ಗಾಡಿ ಬೇರೆ ಯಾರಾದ್ರೂ ಓಡಿಸ್ತಾರಾ?”

“ಸ್ಟೇರಿಂಗು ನಮ್ಮಪ್ಪಂಗೂ ಕೊಡಲ್ಲ.”

“ಇನ್ನೂ ಜೋರಾಗಿ ಹಾಕು. ಒಳಗೆ ನನ್ನ ಹೆಂಡ್ತೀನೂ ಕೇಳ್ಲಿ.”

ಅವನು ಖುಷಿಯಿಂದ ಜೋರು ಮಾಡಿದ. ನಾನು ಸುತ್ತಿಗೆ ಎತ್ತಿಕೊಂಡೆ.

ಒಳಗಿನಿಂದ ಹೆಂಡತಿ ಕಿರುಚಿದಳು: “ರೀ, ಇದೇ ಗರಗರ! ಹಿಂದಿನಿಂದ ಬಂದು ನನ್ನ ಎರಡೂ ಕಾಲ ಮೇಲೆ ಹತ್ತಿಸ್ಕೊಂಡು ಹೋದ ಗಾಡಿ ಇದೇ!”